ಹಾಸ್ಪಿಸ್ ಆರಿಸುವುದು ಹೇಗೆ: ರಾತ್ರಿ 2 ಗಂಟೆಗೆ ಬರುವವರು ಯಾರು?

ಹಾಸ್ಪಿಸ್ ನೋಡಲು ಮನೆಮಂದಿ ಹೋಗುವುದು ಸಾಮಾನ್ಯವಾಗಿ ಹಗಲಿನಲ್ಲಿ. ಅಂಗಳ ಅಚ್ಚುಕಟ್ಟಾಗಿರುತ್ತದೆ, ಕೋಣೆಗೆ ಬೆಳಕು ಬೀಳುತ್ತಿರುತ್ತದೆ, ಎದುರು ಕೂತವರು ಮೆಲುದನಿಯಲ್ಲಿ ಮಾತಾಡುತ್ತಾರೆ. ಆದರೆ ವಾರಕ್ಕೆ 168 ಗಂಟೆ. ಆಫೀಸು ತೆರೆದಿರುವುದು ಅದರಲ್ಲಿ 40ರಿಂದ 48 ಗಂಟೆ. ಮಿಕ್ಕ 120ರಿಂದ 128 ಗಂಟೆಯೆಲ್ಲ ರಾತ್ರಿ, ನಸುಕು, ರಜೆ. ನೋವು ಏರುವುದಕ್ಕಾಗಲಿ ಉಸಿರು ಕಟ್ಟುವುದಕ್ಕಾಗಲಿ ಹೊತ್ತುಗೊತ್ತು ಇಲ್ಲ. ಹಾಗಾಗಿ ಆರಿಸುವಾಗ ಕೈಯಲ್ಲಿ ಹಿಡಿಯಬೇಕಾದ ಅಳತೆಗೋಲು ಇದು: ಭಾನುವಾರ ರಾತ್ರಿ 2 ಗಂಟೆಗೆ ನೋವು ತಡೆಯಲಾರದಷ್ಟಾದರೆ ಫೋನ್ ಎತ್ತುವವರು ಯಾರು, ಮನೆಗೆ ಬರುವವರು ಯಾರು, ಬಂದವರ ಚೀಲದಲ್ಲಿ ಯಾವ ಔಷಧಿ ಇರುತ್ತದೆ?

ಕಾಯಿಲೆ ವಾಸಿಮಾಡುವ ಪ್ರಯತ್ನವನ್ನು ಬದಿಗಿಟ್ಟು ನೋವು, ಉಬ್ಬಸ, ವಾಕರಿಕೆ, ಭಯ ಇವನ್ನು ತಗ್ಗಿಸುವುದಕ್ಕೇ ನಿಂತ ಆರೈಕೆಗೆ ಹಾಸ್ಪಿಸ್ ಎನ್ನುತ್ತೇವೆ. ಹಾಸಿಗೆಗಳಿರುವ ಕೇಂದ್ರ ಅದಾಗಿರಬಹುದು, ಮನೆಗೇ ಬರುವ ತಂಡವಾಗಿರಬಹುದು, ಆಸ್ಪತ್ರೆಯೊಳಗಿನ ಒಂದು ವಾರ್ಡೂ ಆಗಿರಬಹುದು. ಇವತ್ತಿನ ರೂಪದ ಹಾಸ್ಪಿಸ್ ಶುರುವಾದದ್ದು 1967ರಲ್ಲಿ, ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ತೆರೆದ ಸೇಂಟ್ ಕ್ರಿಸ್ಟೋಫರ್ಸ್‌ನಿಂದ. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು ಆಮೇಲೆ ವೈದ್ಯೆಯಾದ ಆಕೆ ಹಿಡಿದ ಹಟ ದೊಡ್ಡದು: ನೋವು ಮರಳಿ ಬಂದು ರೋಗಿ ನರಳುವ ತನಕ ಕಾಯಬೇಡಿ, ಗಡಿಯಾರ ನೋಡಿ ಔಷಧಿ ಕೊಡಿ. ಒಳ್ಳೆಯ ಹಾಸ್ಪಿಸ್ ಯಾವುದು, ಬರೀ ಹೆಸರಿನ ಹಾಸ್ಪಿಸ್ ಯಾವುದು ಎನ್ನುವುದು ಇಂದಿಗೂ ಈ ಒಂದು ವಿಷಯದಲ್ಲೇ ಬಯಲಾಗುತ್ತದೆ.

ಹೊತ್ತು ಬಂದಿದೆಯೇ ಎಂದು ತಿಳಿಯುವುದು

ಈ ದಾರಿಯಲ್ಲಿ ಆಗುವ ದೊಡ್ಡ ತಪ್ಪು ತಡಮಾಡುವುದು. ಔಷಧಿಯ ಪ್ರಮಾಣ ಹದಕ್ಕೆ ಬರಲು ಎರಡು ಮೂರು ದಿನವಾದರೂ ಬೇಕು. ಕೊನೆಯ ಎರಡು ದಿನಕ್ಕೆ ಸೇರಿಸಿದರೆ ಆ ಹದ ಸಿಗುವ ಮೊದಲೇ ಎಲ್ಲ ಮುಗಿದಿರುತ್ತದೆ. ತಡವಾಗುವುದಕ್ಕೆ ಒಂದು ಕಾರಣ ವೈದ್ಯರ ಅಂದಾಜು. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಸ್ಪಿಸ್‌ಗೆ ಕಳಿಸಿದ 468 ರೋಗಿಗಳು ಎಷ್ಟು ಕಾಲ ಬದುಕಿಯಾರು ಎಂದು ಅವರವರ ವೈದ್ಯರನ್ನು ಕೇಳಲಾಯಿತು. ಅವರು ಹೇಳಿದ ಅವಧಿ ನಿಜವಾದದ್ದಕ್ಕಿಂತ ಸರಾಸರಿ ಐದು ಪಟ್ಟು ಹೆಚ್ಚಿತ್ತು. ರೋಗಿಯನ್ನು ಬಹುಕಾಲದಿಂದ ಬಲ್ಲ ವೈದ್ಯರ ಲೆಕ್ಕ ಇನ್ನೂ ಹೆಚ್ಚು ತಪ್ಪಿತ್ತು. ಅಕ್ಕರೆ ಇದ್ದಲ್ಲಿ ಕೆಟ್ಟ ಸುದ್ದಿ ಬಾಯಿಗೆ ಬರುವುದಿಲ್ಲ.

ಅದಕ್ಕೇ "ಇನ್ನೆಷ್ಟು ದಿನ ಡಾಕ್ಟ್ರೇ?" ಎಂದು ಕೇಳಬೇಡಿ. "ಇವರು ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನಿಮಗೆ ಆಶ್ಚರ್ಯವಾಗುತ್ತದೆಯೇ?" ಎಂದು ಕೇಳಿ. "ಇಲ್ಲ" ಎಂದರೆ ಪ್ಯಾಲಿಯೇಟಿವ್ ಕೇರ್ (ಕಾಯಿಲೆಯ ಚಿಕಿತ್ಸೆಯ ಜೊತೆಗೇ ನೋವು, ಸಂಕಟ ತಗ್ಗಿಸುವ ಆರೈಕೆ) ವೈದ್ಯರನ್ನು ಕಾಣುವ ಹೊತ್ತು. "ಆರು ತಿಂಗಳೊಳಗೆ ಆದರೂ ಆಶ್ಚರ್ಯವಿಲ್ಲ" ಎಂದರೆ ಹಾಸ್ಪಿಸ್ ಹುಡುಕಲು ಶುರುಮಾಡಿ. ಮನೆಯಲ್ಲೇ ಕಾಣುವ ಗುರುತುಗಳೂ ಇವೆ: ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಕಳೆಯುವುದು, ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗ ಇಳಿಯುವುದು, ಅದೇ ತೊಂದರೆಗೆ ಮತ್ತೆ ಮತ್ತೆ ಆಸ್ಪತ್ರೆ ಸೇರುವುದು, ಪ್ರತಿಸಲ ಮನೆಗೆ ಬಂದಾಗಲೂ ಹಿಂದಿನಷ್ಟು ಚೇತರಿಸಿಕೊಳ್ಳದಿರುವುದು. ಮರೆವಿನ ಕಾಯಿಲೆಯವರಾದರೆ ಆಸರೆಯಿಲ್ಲದೆ ನಡೆಯಲಾಗದಿರುವುದು, ಮಾತು ನಾಲ್ಕಾರು ಪದಕ್ಕೆ ಇಳಿಯುವುದು, ಆಹಾರ ಶ್ವಾಸನಾಳಕ್ಕೆ ಹೋಗಿ ಪದೇಪದೇ ನ್ಯುಮೋನಿಯಾ ಆಗುವುದು.

"ಹಾಸ್ಪಿಸ್‌ಗೆ ಹೋದರೆ ಬೇಗ ಸಾಯುತ್ತಾರೆ" ಎಂಬ ಹೆದರಿಕೆ ಬಹಳ ಮನೆಗಳಲ್ಲಿದೆ. 2010ರಲ್ಲಿ ಪ್ರಕಟವಾದ, ದೇಹಕ್ಕೆ ಹರಡಿದ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳ ಅಧ್ಯಯನವೊಂದು ಬೇರೆಯದನ್ನೇ ತೋರಿಸಿತು. ಕಾಯಿಲೆ ಗೊತ್ತಾದ ಹೊಸತರಲ್ಲೇ ಪ್ಯಾಲಿಯೇಟಿವ್ ಕೇರ್ ಸಿಕ್ಕವರು ಕೊನೆಗಾಲದಲ್ಲಿ ತೀವ್ರ ಚಿಕಿತ್ಸೆ ಕಡಿಮೆ ಪಡೆದರೂ 11.6 ತಿಂಗಳು ಬದುಕಿದರು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರು 8.9 ತಿಂಗಳು.

ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಅವರನ್ನೇ ಕೇಳಿ: ಎಲ್ಲಿರಲು ಇಷ್ಟ, ಯಾವುದಕ್ಕೆ ಭಯ, ಏನು ಬೇಡ. "ಟ್ಯೂಬು ಬೇಡ", "ಮತ್ತೆ ಐಸಿಯು ಬೇಡ", "ಮೊಮ್ಮಗ ನನ್ನನ್ನು ಹೀಗೆ ನೋಡುವುದು ಬೇಡ" ಇಂಥ ಮಾತುಗಳನ್ನು ಅವರದೇ ಪದಗಳಲ್ಲಿ ಬರೆದಿಡಿ. ಅವರಿಗೆ ಪ್ರಜ್ಞೆ ಇಲ್ಲದಾಗ ಯಾರ ಮಾತು ನಡೆಯಬೇಕು ಎಂಬುದನ್ನೂ ಅವರಿಂದಲೇ ಬರೆಸಿ ಸಹಿ ಹಾಕಿಸಿ. ಆಮೇಲೆ ಹಾಸಿಗೆಯ ಪಕ್ಕದಲ್ಲಿ ಒಡಹುಟ್ಟಿದವರ ನಡುವೆ ಏಳುವ ಜಗಳವನ್ನು ಈ ಹಾಳೆ ತಪ್ಪಿಸುತ್ತದೆ.

ಒಂದು ಪುಟದ ಹಾಳೆ

ಯಾವ ಸಂಸ್ಥೆಗೂ ಫೋನ್ ಮಾಡುವ ಮೊದಲು ಒಂದೇ ಪುಟದಲ್ಲಿ ಎಲ್ಲವನ್ನೂ ಬರೆದುಕೊಳ್ಳಿ. ಕಾಯಿಲೆಯ ಹೆಸರು, ಅದು ಎಲ್ಲೆಲ್ಲಿ ಹರಡಿದೆ, ಈಗಿನ ಔಷಧಿಗಳು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ಔಷಧಿ ಆಗಿಬರುವುದಿಲ್ಲ, ಈಚಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮತ್ತು ಲಿವರ್ ವರದಿ, ತೂಕ, ನುಂಗಲು ಆಗುತ್ತದೆಯೇ, ಆಮ್ಲಜನಕ ನಿಮಿಷಕ್ಕೆ ಎಷ್ಟು ಲೀಟರ್, ಮೈಮೇಲೆ ಯಾವ ಯಾವ ಟ್ಯೂಬು, ಎಲ್ಲಿ ಗಾಯ, ಮನೆಯಲ್ಲಿ ಯಾರಿದ್ದಾರೆ, ರೋಗಿಯನ್ನು ಎತ್ತಿ ಕೂರಿಸುವ ಶಕ್ತಿ ಯಾರಿಗಿದೆ, ಮೆಟ್ಟಿಲುಗಳಿವೆಯೇ.

ಈ ಹಾಳೆ ಯಾಕೆ ಬೇಕೆಂದರೆ, ಫೋನಿನಲ್ಲಿ "ಎಲ್ಲಾ ನೋಡ್ಕೋತೀವಿ" ಎನ್ನುವವರು ಗಂಟಲಲ್ಲಿ ಟ್ರೇಕಿಯಾಸ್ಟಮಿ ಟ್ಯೂಬು (ಉಸಿರಾಟಕ್ಕಾಗಿ ರಂಧ್ರ ಮಾಡಿ ಇಟ್ಟದ್ದು) ಕಂಡಾಗ ಬಾಗಿಲಲ್ಲೇ ಹಿಂಜರಿಯುವುದುಂಟು. ಹೊಟ್ಟೆಯ ನೀರು ತೆಗೆಯುವುದು, ರಕ್ತ ಏರಿಸುವುದು, ಡಯಾಲಿಸಿಸ್, ನಳಿಕೆಯ ಮೂಲಕ ಆಹಾರ, ಆ್ಯಂಟಿಬಯಾಟಿಕ್ ಡ್ರಿಪ್: ಪ್ರತಿಯೊಂದನ್ನೂ ಹೆಸರು ಹಿಡಿದು ಕೇಳಿ, "ಇದನ್ನು ನೀವು ಮಾಡುತ್ತೀರಾ, ಆಸ್ಪತ್ರೆಗೆ ಕಳಿಸುತ್ತೀರಾ, ನಿಲ್ಲಿಸಲು ಹೇಳುತ್ತೀರಾ?" ಮೂರೂ ನ್ಯಾಯವಾದ ಉತ್ತರಗಳೇ. ಯಾವುದೆಂದು ಮೊದಲೇ ಗೊತ್ತಿರಬೇಕು, ಅಷ್ಟೇ.

ಎದೆಯೊಳಗೆ ಐಸಿಡಿ ಸಾಧನ ಇದ್ದರೆ ಅದನ್ನು ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ. ಹೃದಯದ ಬಡಿತ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಈ ಯಂತ್ರಕ್ಕೆ ರೋಗಿ ಸಾಯುತ್ತಿದ್ದಾರೆಂಬುದು ತಿಳಿಯದು. ಕೊನೆಗಳಿಗೆಯಲ್ಲಿ ಬಡಿತ ಏರುಪೇರಾದಾಗ ಅದು ಮತ್ತೆ ಮತ್ತೆ ಶಾಕ್ ಕೊಡಬಹುದು. ಮಲಗಿದವರ ಮೈ ಮನೆಮಂದಿಯ ಕಣ್ಣೆದುರೇ ಜಿಗಿಯುತ್ತದೆ. ಹೃದ್ರೋಗ ವಿಭಾಗದವರು ಮೈಗೆ ಕತ್ತರಿ ತಾಗಿಸದೆ, ಹೊರಗಿನ ಯಂತ್ರದಿಂದಲೇ ಶಾಕ್ ಭಾಗವನ್ನು ನಿಲ್ಲಿಸಬಲ್ಲರು. "ಇದನ್ನು ನಿಲ್ಲಿಸಲು ಯಾರನ್ನು ಕರೆಸುತ್ತೀರಿ? ತುರ್ತಿಗೆ ಎದೆಯ ಮೇಲೆ ಇಟ್ಟು ಶಾಕ್ ತಡೆಯುವ ಮ್ಯಾಗ್ನೆಟ್ ನಿಮ್ಮಲ್ಲಿದೆಯೇ?" ಎಂದು ಕೇಳಿದಾಗ ಎದುರಿನವರು ತಡಬಡಾಯಿಸಿದರೆ ಅವರಿಗೆ ಅನುಭವ ಸಾಲದು. ಸಾಧಾರಣ ಪೇಸ್‌ಮೇಕರ್ ಬೇರೆ. ಅದು ಶಾಕ್ ಕೊಡುವುದಿಲ್ಲ.

ಮನೆಯೋ, ಕೇಂದ್ರವೋ

ಮನೆಗೆ ಬರುವ ಹಾಸ್ಪಿಸ್ ಎಂದರೆ ಯಾರಾದರೂ ಸದಾ ಪಕ್ಕದಲ್ಲಿರುತ್ತಾರೆ ಎಂದು ಬಹಳ ಜನ ತಿಳಿದಿರುತ್ತಾರೆ. ಲೆಕ್ಕ ಹಾಕಿ. ನರ್ಸ್ ವಾರಕ್ಕೆ ಎರಡು ಸಲ ಒಂದೊಂದು ಗಂಟೆ, ಮೈ ಒರೆಸಿ ಬಟ್ಟೆ ಬದಲಿಸುವ ಸಹಾಯಕಿ ಮೂರು ಸಲ ಒಂದೊಂದು ಗಂಟೆ ಬಂದರೂ ಒಟ್ಟು 5 ಗಂಟೆ. ಉಳಿದ 163 ಗಂಟೆ ನಿಮ್ಮದು. ಮಗ್ಗುಲು ಬದಲಿಸುವುದು, ಔಷಧಿ ಕೊಡುವುದು, ಡಯಾಪರ್ ಬದಲಿಸುವುದು, ರಾತ್ರಿ ಎದ್ದು ಕೂರುವುದು ಎಲ್ಲ ಮನೆಯವರ ಕೆಲಸ. ಬಲವಾದ ಇಬ್ಬರು ಸರದಿಯಲ್ಲಿ ಇರಬಲ್ಲರಾದರೆ ಮನೆ ಸಾಧ್ಯ. ವಯಸ್ಸಾದ ಸಂಗಾತಿ ಒಬ್ಬರೇ ಇದ್ದರೆ, ಸಂಬಳಕ್ಕೆ ಆಳು ಇಡದ ಹೊರತು ಅದು ಒಂದೆರಡು ವಾರದಲ್ಲೇ ಕುಸಿಯುತ್ತದೆ.

ಬೆನ್ನುಮೂಳೆಗೆ ಒತ್ತಿದ ಗಡ್ಡೆಯ ನೋವು, ರಾತ್ರಿಯಿಡೀ ಎದ್ದೋಡುವ ಸನ್ನಿ, ಹತೋಟಿಗೆ ಬಾರದ ಉಬ್ಬಸ ಇದ್ದರೆ ಕೆಲವು ದಿನವಾದರೂ ಕೇಂದ್ರವೇ ಲೇಸು. ಅತ್ಯುತ್ತಮ ಸಂಸ್ಥೆಗಳು ಎರಡನ್ನೂ ನಡೆಸುತ್ತವೆ: ಮನೆಯಲ್ಲಿ ನೋಡಿಕೊಳ್ಳುತ್ತ, ಕಷ್ಟ ಮೀರಿದಾಗ ಒಳಗೆ ಸೇರಿಸಿಕೊಂಡು ಸರಿಪಡಿಸಿ ಮತ್ತೆ ಮನೆಗೆ ಕಳಿಸುತ್ತವೆ. ಆರೈಕೆ ಮಾಡುವವರು ದಣಿದಾಗ ಕೆಲವು ದಿನ ರೋಗಿಯನ್ನು ಇಟ್ಟುಕೊಳ್ಳುವ ವ್ಯವಸ್ಥೆಯೂ ಇದೆಯೇ ಎಂದು ಕೇಳಿ. ಅದನ್ನು ಪೂರ್ತಿ ಬಸವಳಿಯುವ ತನಕ ಕಾಯದೆ ಮೊದಲೇ ಬಳಸಿ.

ಫೋನಿನ ಪರೀಕ್ಷೆ

ಮೂರು ಸಂಸ್ಥೆಗಳ ಪಟ್ಟಿ ಸಾಕು. ಕ್ಯಾನ್ಸರ್ ವಿಭಾಗದ ನರ್ಸ್‌ಗಳನ್ನು ಕೇಳಿ ಪಟ್ಟಿ ಮಾಡಿ. ಯಾರ ರೋಗಿಗಳು ನರಳುತ್ತ ಮತ್ತೆ ಆಸ್ಪತ್ರೆಗೆ ಬರುತ್ತಾರೆಂದು ಅವರಿಗೆ ಗೊತ್ತಿರುತ್ತದೆ. ಹಗಲು ಒಂದು ಸಲ ಮಾತಾಡಿ. ಆಮೇಲೆ ರಜಾದಿನದ ರಾತ್ರಿ 9ರ ನಂತರ, ಅವರು ಕೊಟ್ಟ ತುರ್ತು ನಂಬರಿಗೇ ಫೋನ್ ಮಾಡಿ. ಸುಳ್ಳು ಹೇಳುವುದು ಬೇಡ. "ನಿಮ್ಮಲ್ಲಿ ಸೇರಿಸುವ ಯೋಚನೆಯಿದೆ, ರಾತ್ರಿ ಹೊತ್ತು ಹೇಗೆ ನಡೆಯುತ್ತದೆಂದು ಎರಡು ನಿಮಿಷ ತಿಳಿಯಬೇಕಿತ್ತು" ಎನ್ನಿ. ತುರ್ತು ಸಾಲನ್ನು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಡಿ.

ಉತ್ತರಗಳು ಹೀಗಿರುತ್ತವೆ. ಒಂದು ಕಡೆ: "ಹೇಳಿ, ನಾನು ರಾತ್ರಿಪಾಳಿಯ ನರ್ಸ್. ಈಗ ಯಾರಿಗಾದರೂ ತೊಂದರೆ ಇದೆಯಾ? ಇಲ್ವಾ, ಸರಿ. ನಮ್ಮ ರೋಗಿಗಳ ಔಷಧಿ ಪಟ್ಟಿ ನನ್ನ ಮುಂದೆಯೇ ಇರುತ್ತೆ. ಮೊದಲು ಮನೇಲಿ ಇಟ್ಟಿರೋ ತುರ್ತು ಪೆಟ್ಟಿಗೆಯ ಔಷಧಿ ಎಷ್ಟು ಕೊಡಬೇಕು ಅಂತ ಹೇಳ್ತೀನಿ, ಅರ್ಧ ಗಂಟೆ ಬಿಟ್ಟು ನಾನೇ ಫೋನ್ ಮಾಡ್ತೀನಿ, ಆಗಲೂ ಕಡಿಮೆ ಆಗದಿದ್ರೆ ಬರ್ತೀವಿ." ಇನ್ನೊಂದು ಕಡೆ: "ಮೇಡಂ, ಇದು ಕಾಲ್ ಸೆಂಟರ್. ಮೆಸೇಜ್ ತಗೋತೀನಿ, ಬೆಳಿಗ್ಗೆ ಟೀಂ ನೋಡುತ್ತೆ. ಅರ್ಜೆಂಟ್ ಇದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ." ಈ ಎರಡನೆಯ ಉತ್ತರ ಬಂದ ಸಂಸ್ಥೆಯ ಹೆಸರಿಗೆ ಗೆರೆ ಎಳೆದುಬಿಡಿ, ಹಗಲು ಎಷ್ಟೇ ಚೆನ್ನಾಗಿ ಮಾತಾಡಿದ್ದರೂ ಸರಿ. ನರ್ಸ್‌ನಿಂದ ಮರುಕರೆ 15–20 ನಿಮಿಷದೊಳಗೆ ಬರಬೇಕು, ಬೇಕಾದರೆ ಮನೆಗೆ ಒಂದೆರಡು ಗಂಟೆಯೊಳಗೆ ಜನ ಬರಬೇಕು. ಅದಕ್ಕಿಂತ ತಡವಾದರೆ ಮನೆಯವರು ಹೆದರಿ ಆಂಬುಲೆನ್ಸ್ ಕರೆಯುತ್ತಾರೆ, ಬೇಡವೆಂದಿದ್ದ ಐಸಿಯುವಿನಲ್ಲೇ ಕೊನೆಯಾಗುತ್ತದೆ.

ನೋವಿನ ಬಗ್ಗೆ ಕೂತು ಕೇಳುವ ಪ್ರಶ್ನೆಗಳು

ಮುಖಾಮುಖಿ ಭೇಟಿಯ ಅರ್ಧ ಹೊತ್ತನ್ನು ಇದಕ್ಕೇ ಇಡಿ. ಮೊದಲ ಪ್ರಶ್ನೆ: "ನಿಮ್ಮಲ್ಲಿ ಮಾರ್ಫಿನ್ ಇದೆಯೇ? ಬಾಯಿಗೆ ಕೊಡುವ ರೂಪದಲ್ಲಿ, ಇಂದು, ಸ್ಟಾಕಿನಲ್ಲಿ?" ತೀವ್ರ ನೋವಿಗೆ ಕೊಡುವ ಮಾರ್ಫಿನ್ ಇಟ್ಟುಕೊಳ್ಳಲು ಪರವಾನಗಿ ಬೇಕು, ಲೆಕ್ಕದ ಪುಸ್ತಕ ಬೇಕು. ಆ ತಾಪತ್ರಯ ಬೇಡವೆಂದು ಸಾದಾ ಮಾತ್ರೆಗಳಲ್ಲೇ ದಿನ ನೂಕುವ ಕಡೆಗಳಿವೆ. ಅಂಥಲ್ಲಿ ಕ್ಯಾನ್ಸರ್ ರೋಗಿಯನ್ನು ಸೇರಿಸಬಾರದು.

ಎರಡನೆಯದು: "ಒಮ್ಮೆಗೆ ಎಷ್ಟು, ಎಷ್ಟು ಹೊತ್ತಿಗೊಮ್ಮೆ, ನಡುವೆ ನೋವು ಬಂದರೆ ಏನು?" ಸಾಧಾರಣ ಮಾರ್ಫಿನ್ ಬಾಯಿಗೆ ಕೊಟ್ಟರೆ ಅರ್ಧ ಗಂಟೆಯ ಹೊತ್ತಿಗೆ ಕೆಲಸ ಶುರುಮಾಡಿ ಸುಮಾರು 4 ಗಂಟೆ ಇರುತ್ತದೆ. ಆದ್ದರಿಂದ ಅದನ್ನು 4 ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಕೊಡಬೇಕು, ಇಲ್ಲವೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಬೇಕು. ನಡುವೆ ಏರುವ ನೋವಿಗೆ ಹೆಚ್ಚುವರಿ ಡೋಸು ಬರೆದಿರಲೇಬೇಕು. ಸಾಮಾನ್ಯ ಲೆಕ್ಕ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ. 10 ಮಿಲಿಗ್ರಾಂ ದಿನಕ್ಕೆ ಆರು ಸಲ ಎಂದರೆ ಒಟ್ಟು 60, ಹೆಚ್ಚುವರಿ ಡೋಸು 10. ಒಂದು ದಿನ ನಾಲ್ಕು ಹೆಚ್ಚುವರಿ ಡೋಸು ಬೇಕಾಯಿತೆಂದರೆ ಒಟ್ಟು 100 ಆಯಿತು, ಹಾಗಾದರೆ ನಿಗದಿಯ ಡೋಸನ್ನೇ 15ರ ಸುತ್ತಮುತ್ತಲಿಗೆ ಏರಿಸುವ ಯೋಚನೆ ಮಾಡಬೇಕು. ಈ ಲೆಕ್ಕ ಹಾಕಿ ಪ್ರಮಾಣ ಬದಲಿಸುವುದು ವೈದ್ಯರ ಕೆಲಸವೇ ಹೊರತು ಮನೆಯವರದಲ್ಲ. ಆದರೆ ದಿನಾ ಈ ಲೆಕ್ಕ ನೋಡುವವರು ಅಲ್ಲಿದ್ದಾರೆಯೇ ಎಂದು ಕೇಳುವ ಹಕ್ಕು ನಿಮ್ಮದು. "ನೋವು ಬಂದಾಗ ಕೊಡ್ತೀವಿ" ಎಂಬುದೊಂದೇ ಉತ್ತರವಾದರೆ, 1967ರಲ್ಲಿ ಕಲಿತ ಪಾಠ ಅಲ್ಲಿಗೆ ಇನ್ನೂ ತಲುಪಿಲ್ಲ.

ಮೂರನೆಯದು ಮಲಬದ್ಧತೆ. ಮಾರ್ಫಿನ್ ತೆಗೆದುಕೊಳ್ಳುವ ಬಹುತೇಕ ಎಲ್ಲರಿಗೂ ಇದು ಬರುತ್ತದೆ, ದಿನ ಕಳೆದಂತೆ ತಾನಾಗಿ ಹೋಗುವುದೂ ಇಲ್ಲ. ಮಾರ್ಫಿನ್ ಶುರುವಾದ ದಿನವೇ ಕರುಳನ್ನು ಚುರುಕುಗೊಳಿಸುವ ಔಷಧಿಯೂ ಶುರುವಾಗಬೇಕು. ಎಷ್ಟೋ ರೋಗಿಗಳು ಮಾರ್ಫಿನ್ ಬೇಡವೆನ್ನುವುದು ನಿದ್ದೆಗೆ ಹೆದರಿ ಅಲ್ಲ, ಐದು ದಿನದ ಗಟ್ಟಿ ಮಲದ ಸಂಕಟಕ್ಕೆ. ಪ್ರತಿ ಭೇಟಿಯಲ್ಲೂ "ಹೊಟ್ಟೆ ಯಾವಾಗ ಹೋಯಿತು?" ಎಂದು ಕೇಳುವ ನರ್ಸ್ ಕೆಲಸ ಬಲ್ಲವರು.

ನಾಲ್ಕನೆಯದು: "ಕಿಡ್ನಿ ಕೆಟ್ಟಿದ್ದರೆ?" ಕಿಡ್ನಿ ಸೋತವರಲ್ಲಿ ಮಾರ್ಫಿನ್ ಒಡೆದು ಉಂಟಾಗುವ ವಸ್ತುಗಳು ಹೊರಹೋಗದೆ ಉಳಿದು ಅತಿಯಾದ ಮಂಪರು, ಕೈಕಾಲು ಬೆಚ್ಚಿ ಅದುರುವುದು, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ಫೆಂಟನಿಲ್‌ನಂಥ ಬೇರೆ ಔಷಧಿಗೆ ಬದಲಿಸುತ್ತೇವೆ, ಇಲ್ಲವೆ ಪ್ರಮಾಣ ತಗ್ಗಿಸಿ ಅಂತರ ಹೆಚ್ಚಿಸುತ್ತೇವೆ ಎಂಬ ಉತ್ತರ ಬರಬೇಕು. ಫೆಂಟನಿಲ್ ಪಟ್ಟಿಯನ್ನು (ಪ್ಯಾಚ್) ಚರ್ಮಕ್ಕೆ ಅಂಟಿಸಿದರೆ ಅದು ಪೂರ್ತಿ ಹಿಡಿಯಲು 12ರಿಂದ 24 ಗಂಟೆ ಬೇಕು, ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸಬೇಕು, ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧಿ ಅಪಾಯದ ಮಟ್ಟಕ್ಕೆ ಏರಬಹುದು. ಪಟ್ಟಿ ಅಂಟಿಸಿ ಈ ಮೂರನ್ನೂ ಹೇಳದೆ ಹೋಗುವ ಸಂಸ್ಥೆಯನ್ನು ನಂಬುವುದು ಕಷ್ಟ.

ಕೊನೆಯದು: "ನುಂಗಲು ಆಗದಾಗ?" ಬಹುತೇಕ ಎಲ್ಲರಿಗೂ ಕೊನೆಯ ದಿನಗಳಲ್ಲಿ ಈ ಸ್ಥಿತಿ ಬರುತ್ತದೆ. ತೋಳಿನ ಮೇಲ್ಭಾಗಕ್ಕೋ ಎದೆಗೋ ಚರ್ಮದಡಿ ಒಂದು ಸಣ್ಣ ಚಿಟ್ಟೆ ಸೂಜಿ ಇಟ್ಟು ಅಂಟಿಸಿದರೆ, ಪ್ರತಿಸಲ ಚುಚ್ಚದೆ ಅದರ ಮೂಲಕವೇ ಔಷಧಿ ಕೊಡಬಹುದು. ಅದು ಹಲವು ದಿನ ಇರುತ್ತದೆ. ಮನೆಯವರಿಗೂ ಅದನ್ನು ಕಲಿಸಿಕೊಡುವ ತಂಡಗಳಿವೆ. ರಕ್ತನಾಳ ಹುಡುಕುತ್ತ ಒಣಗಿದ ಕೈಗೆ ಮತ್ತೆ ಮತ್ತೆ ಚುಚ್ಚುವುದು ಬೇಕಿಲ್ಲ.

ಮಾರ್ಫಿನ್ ಸಾವನ್ನು ಬೇಗ ತರುತ್ತದೆಂದು ಮನೆಯ ಹಿರಿಯರೊಬ್ಬರು ಅಡ್ಡ ನಿಲ್ಲಬಹುದು. ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸಿದ ಪ್ರಮಾಣ ಹಾಗೆ ಮಾಡುವುದಿಲ್ಲ. ಆ ಹಿರಿಯರನ್ನೂ ಭೇಟಿಗೆ ಕರೆದುಕೊಂಡು ಹೋಗಿ, ಈ ಮಾತನ್ನು ವೈದ್ಯರ ಬಾಯಿಂದಲೇ ಕೇಳಿಸಿ. ಇಲ್ಲದಿದ್ದರೆ ನೀವು ಮಲಗಿದ ಹೊತ್ತಿನಲ್ಲಿ ಡೋಸು ತಪ್ಪುತ್ತದೆ.

ತಂಡದ ಬಗ್ಗೆ

ಒಬ್ಬ ನರ್ಸ್ ಎಷ್ಟು ಮನೆ ನೋಡುತ್ತಾರೆಂದು ಕೇಳಿ. 12ರ ಆಸುಪಾಸು ಇದ್ದರೆ ಸರಿ. 20 ದಾಟಿದರೆ ಅವರು ಎಷ್ಟೇ ಒಳ್ಳೆಯವರಾದರೂ ಸಮಯ ಸಿಗುವುದಿಲ್ಲ. ಪ್ರತಿಸಲ ಅದೇ ನರ್ಸ್ ಬರುತ್ತಾರೆಯೇ, ವೈದ್ಯರು ಸ್ವತಃ ಮನೆಗೆ ಬರುತ್ತಾರೆಯೇ, ಫೋನಿನಲ್ಲಿ ಮಾತ್ರವೇ? ಪ್ಯಾಲಿಯೇಟಿವ್ ಕೇರ್‌ನಲ್ಲಿ ತರಬೇತಿ ಪಡೆದ ವೈದ್ಯರು ಎಷ್ಟು ಜನ? ರೋಗಿ ಮಗುವಾದರೆ ಮಕ್ಕಳ ಅನುಭವ ಇರುವವರನ್ನೇ ಹುಡುಕಿ. ಪ್ರಮಾಣದಿಂದ ಹಿಡಿದು ಮಾತಾಡುವ ಬಗೆಯವರೆಗೆ ಎಲ್ಲವೂ ಬೇರೆ. ಸಾವಿನ ನಂತರ ಮನೆಯವರನ್ನು ಮಾತಾಡಿಸುತ್ತಾರೆಯೇ, ಎಷ್ಟು ತಿಂಗಳು ಎಂಬುದನ್ನೂ ಕೇಳಿ.

ಹೊಟ್ಟೆಗೆ ಇಳಿಯದವರಿಗೆ ಒತ್ತಾಯದಿಂದ ತಿನ್ನಿಸುವ ಬಗ್ಗೆ ಅವರ ನಿಲುವು ಏನೆಂದು ಕೇಳಿ ನೋಡಿ. ದೇಹ ಮುಚ್ಚಿಕೊಳ್ಳುತ್ತಿರುವಾಗ ಹಸಿವು ತಾನಾಗಿ ಹೋಗುತ್ತದೆ. ತುರುಕಿದ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಇದನ್ನು ಮನೆಯವರಿಗೆ ನೋವಾಗದಂತೆ ಹೇಳಬಲ್ಲವರು ಮಿಕ್ಕದ್ದನ್ನೂ ಹೇಳಬಲ್ಲರು.

ಕೇಂದ್ರಕ್ಕೆ ಹೋದಾಗ

ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ. ವಾಸನೆ ಬಂದರೆ ಅದು ಒಂದು ಹಾಸಿಗೆಯದೋ ಇಡೀ ವಾರ್ಡಿನದೋ ಗಮನಿಸಿ. ಕರೆಗಂಟೆ ಒತ್ತಿದ ಮೇಲೆ ಎಷ್ಟು ಹೊತ್ತಿಗೆ ಜನ ಬಂದರು ಎಂದು ಗಡಿಯಾರ ನೋಡಿ. ಆಮೇಲೆ ಮಲಗಿರುವವರ ತುಟಿ ನೋಡಿ. ಬಾಯಿ ತೆರೆದು ಉಸಿರಾಡುವವರ ನಾಲಿಗೆ ಗಂಟೆ ಎರಡು ಗಂಟೆಯಲ್ಲಿ ಒಣಗಿ ಕಂದುಬಣ್ಣದ ಪೊರೆ ಕಟ್ಟುತ್ತದೆ, ತುಟಿ ಸಿಪ್ಪೆ ಏಳುತ್ತದೆ. ಒದ್ದೆ ಸ್ಪಂಜಿನ ಕಡ್ಡಿಯಿಂದ ಹೊತ್ತುಹೊತ್ತಿಗೆ ಒರೆಸಿ ತುಟಿಗೆ ಮುಲಾಮು ಹಚ್ಚಿದ್ದರೆ ಅವು ನಸುಗೆಂಪಾಗಿ ತೇವವಾಗಿರುತ್ತವೆ. ಇದಕ್ಕೆ ಯಾವ ದುಬಾರಿ ಯಂತ್ರವೂ ಬೇಡ, ಯಾರಾದರೊಬ್ಬರು ನೆನಪಿಟ್ಟು ಹತ್ತಿರ ಹೋಗಬೇಕು. ಹಾಗಾಗಿ ಇಡೀ ಕೇಂದ್ರದ ಆರೈಕೆಯನ್ನು ಆ ತುಟಿಗಳಲ್ಲೇ ಓದಬಹುದು. ಹಾಸಿಗೆ ಹುಣ್ಣಿನ ಬಗ್ಗೆಯೂ ಕೇಳಿ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ದಾಖಲೆ ಹಾಸಿಗೆಯ ಬಳಿ ಇದೆಯೇ, ಗಾಳಿ ತುಂಬುವ ಹಾಸಿಗೆ ಇದೆಯೇ. ರಾತ್ರಿ ಮನೆಯವರೊಬ್ಬರು ಉಳಿಯಬಹುದೇ ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಕೊನೆಗೆ ಅದೇ ದೊಡ್ಡದಾಗುತ್ತದೆ.

ಹಣ, ಕರಾರು

ಯಾವುದು ಉಚಿತ, ಯಾವುದಕ್ಕೆ ಹಣ, ವಿಮೆ ಯಾವುದನ್ನು ಕೊಡುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಔಷಧಿ, ಮಂಚ, ಆಮ್ಲಜನಕ, ಡಯಾಪರ್, ರಾತ್ರಿ ಭೇಟಿ, ಆಂಬುಲೆನ್ಸ್ ಈ ಆರನ್ನೂ ಬೇರೆಬೇರೆಯಾಗಿ ಕೇಳಿ. ಆಸ್ಪತ್ರೆಗೆ ಮರಳಿದರೆ ಹೆಸರು ತೆಗೆಯುತ್ತಾರೆಯೇ, ಮತ್ತೆ ಸೇರಬಹುದೇ, ಯಾವಾಗ ಬೇಕಾದರೂ ಬಿಡಬಹುದೇ ಎಂಬ ಸಾಲುಗಳನ್ನು ಓದದೆ ಸಹಿ ಹಾಕಬೇಡಿ. ರೋಗಿ ನಿರೀಕ್ಷೆಗಿಂತ ಹೆಚ್ಚು ಕಾಲ ಬದುಕಿದರೆ ಏನಾಗುತ್ತದೆಂದೂ ಕೇಳಿ. ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿ.

ಸೇರಿದ ಮೊದಲ ಎರಡು ದಿನ

ಮನೆಯ ಹಾಸ್ಪಿಸ್ ಆದರೆ 48 ಗಂಟೆಯೊಳಗೆ ಇವಿಷ್ಟು ಮನೆಯಲ್ಲಿರಬೇಕು: ತಲೆಭಾಗ ಎತ್ತಿಳಿಸುವ ಮಂಚ, ಒತ್ತಡ ತಗ್ಗಿಸುವ ಹಾಸಿಗೆ, ಪಕ್ಕದಲ್ಲೇ ಇಡುವ ಶೌಚ ಕುರ್ಚಿ, ಬೇಕಾದರೆ ಆಮ್ಲಜನಕ, ಮತ್ತು ತುರ್ತು ಔಷಧಿ ಪೆಟ್ಟಿಗೆ. ಈ ಪೆಟ್ಟಿಗೆಯೇ ರಾತ್ರಿ 2 ಗಂಟೆಗೆ ನಿಮ್ಮ ಕೈಹಿಡಿಯುವುದು. ಅದರಲ್ಲಿ ಸಾಮಾನ್ಯವಾಗಿ ಇರುವಂಥವು:

- ನೋವಿಗೂ ಉಬ್ಬಸಕ್ಕೂ ದ್ರವ ರೂಪದ ಮಾರ್ಫಿನ್, ಅಳತೆಯ ಸಿರಿಂಜ್ ಸಮೇತ
- ಗಾಬರಿ, ಚಡಪಡಿಕೆಗೆ ಲೋರಾಜೆಪಾಮ್ ಅಥವಾ ಮಿಡಾಜೊಲಾಮ್
- ಸನ್ನಿಗೂ ವಾಕರಿಕೆಗೂ ಹ್ಯಾಲೊಪೆರಿಡಾಲ್
- ಗಂಟಲಲ್ಲಿ ಗೊರಗೊರ ಎನ್ನುವ ಕಫಕ್ಕೆ ಗ್ಲೈಕೊಪೈರೊಲೇಟ್ ಅಥವಾ ಹಯೊಸೀನ್
- ಜ್ವರಕ್ಕೆ ಗುದದಲ್ಲಿ ಇಡುವ ಪ್ಯಾರಾಸಿಟಮಾಲ್, ಮಲಬದ್ಧತೆಗೂ ಗುದದಲ್ಲಿ ಇಡುವ ಗುಳಿಗೆ (ಸಪೊಸಿಟರಿ)

ಯಾವುದು, ಯಾವಾಗ, ಎಷ್ಟು ಎಂದು ನರ್ಸ್ ಕೈಯಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿ ಮುಚ್ಚಳದ ಒಳಗೆ ಅಂಟಿಸಿ. ಮಾರ್ಫಿನ್ ದ್ರವ ಬೇರೆಬೇರೆ ಸಾಂದ್ರತೆಯಲ್ಲಿ ಬರುತ್ತದೆ. ಒಂದು ಬಾಟಲಿಯ 1 ಮಿಲಿಲೀಟರಿನಲ್ಲಿ ಇರುವುದರ ಹತ್ತುಪಟ್ಟು ಇನ್ನೊಂದರಲ್ಲಿ ಇರಬಹುದು. ಆದ್ದರಿಂದ ಮಿಲಿಗ್ರಾಂ ಮತ್ತು ಮಿಲಿಲೀಟರ್ ಎರಡನ್ನೂ ಬರೆಸಿ, ಸಿರಿಂಜಿನ ಮೇಲೆ ಆ ಗೆರೆಗೆ ಪೆನ್ನಿನಿಂದ ಗುರುತು ಹಾಕಿಸಿ. ಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಆದರೆ ಬೀಗದ ಕೈ ಎಲ್ಲಿದೆಯೆಂದು ರಾತ್ರಿ ಕೂರುವ ಎಲ್ಲರಿಗೂ ಗೊತ್ತಿರಲಿ.

ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ, ಕಾನ್ಸೆಂಟ್ರೇಟರ್, ವಿದ್ಯುತ್ತಿನಿಂದ ನಡೆಯುತ್ತದೆ. ಕರೆಂಟ್ ಹೋದರೆ ನಿಲ್ಲುತ್ತದೆ. ಜೊತೆಗೆ ಒಂದು ಸಿಲಿಂಡರ್ ಕೊಡಬೇಕೆಂದು ಪಟ್ಟು ಹಿಡಿಯಿರಿ. 1500 ಲೀಟರ್ ತುಂಬಿದ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಸುಮಾರು 12 ಗಂಟೆ ಬರುತ್ತದೆ. ಉಬ್ಬಸಕ್ಕೆ ಮುಖದ ಮೇಲೆ ನೇರವಾಗಿ ಗಾಳಿ ಬೀಸುವ ಸಣ್ಣ ಫ್ಯಾನ್ ಕೂಡ ನಿಜವಾಗಿಯೂ ಹಿತ ಕೊಡುತ್ತದೆ.

ಒಂದು ನೋಟುಪುಸ್ತಕ ಇಡಿ: ಗಂಟೆ, ಔಷಧಿ, ಪ್ರಮಾಣ, ನೋವು ಹತ್ತರಲ್ಲಿ ಎಷ್ಟು, ಅರ್ಧ ಗಂಟೆಯ ನಂತರ ಎಷ್ಟು. ಡೋಸು ಬದಲಿಸುವ ವೈದ್ಯರಿಗೆ ಈ ಸಾಲುಗಳು, "ರಾತ್ರಿಯೆಲ್ಲ ತುಂಬ ಕಷ್ಟವಾಯ್ತು" ಎಂಬ ಮಾತಿಗಿಂತ ಹೆಚ್ಚು ಹೇಳುತ್ತವೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ನಂಥ, ಈಗ ಉಪಯೋಗಕ್ಕಿಲ್ಲದ ಹಳೆಯ ಮಾತ್ರೆಗಳನ್ನು ನಿಲ್ಲಿಸುವ ಮಾತನ್ನೂ ಈ ಮೊದಲ ಭೇಟಿಗಳಲ್ಲೇ ಎತ್ತಿ. ತಲೆ, ಕುತ್ತಿಗೆಯ ಗಡ್ಡೆಯವರಾದರೆ ದಿಢೀರ್ ರಕ್ತಸ್ರಾವದ ಸಾಧ್ಯತೆಯನ್ನು ನೇರವಾಗಿ ಕೇಳಿ. ಬಲ್ಲ ತಂಡ ಕಡುಬಣ್ಣದ ಟವೆಲ್‌ಗಳನ್ನು ಹತ್ತಿರ ಇಡಲು ಹೇಳುತ್ತದೆ, ಕೆಂಪು ಅದರಲ್ಲಿ ಎದ್ದು ಕಾಣುವುದಿಲ್ಲ. ಮಂಪರು ತರುವ ಔಷಧಿಯನ್ನೂ ಸಿದ್ಧವಾಗಿ ಇಟ್ಟಿರುತ್ತದೆ.

ಕೊನೆಯ ಗಂಟೆಗಳಿಗೆ ಮುಂಚೆಯೇ ಕೇಳಿಡುವುದು

ಉಸಿರು ಆಳವಾಗಿ, ಆಮೇಲೆ ಮೆಲ್ಲಗೆ, ನಡುನಡುವೆ ಅರ್ಧ ನಿಮಿಷ ನಿಂತು ಮತ್ತೆ ಬರುವುದು, ಮೊಣಕಾಲು ಪಾದಗಳ ಮೇಲೆ ನೀಲಿ ನೇರಳೆ ಬಣ್ಣದ ಬಲೆ ಕಾಣುವುದು, ಗಂಟಲ ಗೊರಗೊರ. ಇವನ್ನು ತಂಡ ಮೊದಲೇ ಹೇಳಿಕೊಟ್ಟಿರಬೇಕು. ಗೊರಗೊರಕ್ಕೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸುವುದೇ ಮೊದಲ ಉಪಾಯ. ಗಂಟಲಾಳಕ್ಕೆ ಸಕ್ಷನ್ (ಕಫ ಹೀರುವ ನಳಿಕೆ) ಹಾಕಿದರೆ ಹಿಂಸೆಯೇ ಹೆಚ್ಚು.

ಸಾವು ಸಂಭವಿಸಿದಾಗ ಮೊದಲು ಯಾರಿಗೆ ಫೋನ್, ದೃಢೀಕರಿಸಲು ಯಾರು ಬರುತ್ತಾರೆ, ಪ್ರಮಾಣಪತ್ರಕ್ಕೆ ಯಾರ ಸಹಿ, ರಾತ್ರಿಯಾದರೂ ಬರುತ್ತಾರೆಯೇ? ಉತ್ತರವನ್ನು ಬರೆದು ಹಾಸ್ಪಿಸ್ ನಂಬರಿನೊಂದಿಗೆ ಬಾಗಿಲಿಗೆ ಅಂಟಿಸಿ. ಗಾಬರಿಯಲ್ಲಿ ಯಾರೋ ಆಂಬುಲೆನ್ಸ್ ಕರೆದರೆ ಅವರು ತಮ್ಮ ಕರ್ತವ್ಯದಂತೆ ಎದೆ ಒತ್ತಲು ಶುರುಮಾಡುತ್ತಾರೆ. ಅದು ಬೇಡವೆಂಬ ಸಹಿ ಮಾಡಿದ ಪತ್ರ ಕೂಡ ಅಲ್ಲೇ ಇರಲಿ. ಉಳಿದ ಮಾರ್ಫಿನನ್ನು ಎಣಿಸಿ ತಂಡದವರ ಎದುರಲ್ಲೇ ಲೆಕ್ಕಕ್ಕೆ ಒಪ್ಪಿಸಿ.

ಸರಿಹೋಗದಿದ್ದರೆ ಬದಲಿಸುವುದು

ಮೂರು ದಿನವಾದರೂ ನೋವು ಹತ್ತರಲ್ಲಿ ಐದಕ್ಕಿಂತ ಕೆಳಗಿಳಿಯದಿದ್ದರೆ, ರಾತ್ರಿಯ ಕರೆಗೆ ಎರಡು ಸಲ ಉತ್ತರ ಬರದಿದ್ದರೆ, ತಂಡದ ಮುಖ್ಯಸ್ಥರಿಗೆ ನೋಟುಪುಸ್ತಕದ ಪುಟಗಳೊಂದಿಗೆ ದೂರು ಕೊಡಿ, 24 ಗಂಟೆ ಕಾಯಿರಿ. ಬಹಳ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಆಗದಿದ್ದರೆ ಪಟ್ಟಿಯ ಎರಡನೆಯ ಸಂಸ್ಥೆಗೆ ಫೋನ್ ಮಾಡಿ. ನಿಮ್ಮ ಒಂದು ಪುಟದ ಹಾಳೆಯನ್ನು ಅವರಿಗೂ ಕೊಡಿ. ಹೊಸಬರು ಮೊದಲ ಭೇಟಿಗೆ ಬರುವ ದಿನ ಮತ್ತು ಗಂಟೆ ಖಚಿತವಾದ ಮೇಲೆಯೇ ಹಳಬರಿಗೆ ಬಿಡುವ ಪತ್ರ ಕೊಡಿ, ಮತ್ತು ಆ ನಡುವಿನ ಮೂರು ದಿನಕ್ಕೆ ಸಾಲುವಷ್ಟು ಔಷಧಿಯನ್ನು ಹಳಬರಿಂದಲೇ ಬರೆಸಿಕೊಳ್ಳಿ. ಮಾರ್ಫಿನ್ ಇದ್ದಕ್ಕಿದ್ದಂತೆ ನಿಂತರೆ ನೋವು ಮರಳುವುದಷ್ಟೇ ಅಲ್ಲ, ಬೆವರು, ನಡುಕ, ಭೇದಿ, ಚಡಪಡಿಕೆಯೂ ಶುರುವಾಗುತ್ತದೆ. ಮಂಚ, ಆಮ್ಲಜನಕ ಹಳಬರದಾದರೆ ಹೊಸಬರದು ಮನೆಯೊಳಗೆ ಬಂದು ಕೆಲಸ ಶುರುಮಾಡಿದ ಮೇಲಷ್ಟೇ ಅವನ್ನು ಹೊರಗೆ ಕಳಿಸಿ.